ಚಂದ್ರನ ಪಕ್ಕ ಶುಕ್ರ: ಮಲೆನಾಡಿನಲ್ಲಿ ಫೋಟೊ ತೆಗೆಯುವ ಬಗೆ

ಬಿದಿಗೆ, ತದಿಗೆಯ ಚಂದ್ರನ ಪಕ್ಕ ಶುಕ್ರ ಬಂದ ಸಂಜೆ ಅಡಿಕೆ ತೋಟದೊಳಗಿನ ಅಂಗಳದಲ್ಲಿ ನಿಂತರೆ ಫೋಟೊದಲ್ಲಿ ಸಿಗುವುದು ಮರದ ತಲೆ ಮಾತ್ರ. ಜೋಡಿ ಕಾಣುವುದು ಪಶ್ಚಿಮದಲ್ಲಿ, ಅದೂ ಕೆಳಗೆ. ಕುಂದಾದ್ರಿಯಂಥ ಬೋಳು ಬಂಡೆಯೋ, ಪಶ್ಚಿಮಕ್ಕೆ ನೀರು ಹರಡಿರುವ ಗಾಜನೂರಿನ ಹಿನ್ನೀರಿನ ದಡವೋ ಬೇಕು. ಗುಡ್ಡದ ಮೇಲೆ ಎಷ್ಟು ಹೊತ್ತಿನವರೆಗೆ ಬಿಡುತ್ತಾರೆಂದು ಮೊದಲೇ ಕೇಳಿಕೊಳ್ಳಿ.

ಲೆನ್ಸ್ ಯಾವುದು? ಚಂದ್ರ, ಶುಕ್ರರ ನಡುವಿನ ಅಂತರವನ್ನು ಕೈ ಚಾಚಿ ಅಳೆಯಿರಿ: ಕಿರುಬೆರಳ ಅಗಲ ಸುಮಾರು 1 ಡಿಗ್ರಿ, ಮುಷ್ಟಿ 10 ಡಿಗ್ರಿ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 200 ಎಂಎಂ ಲೆನ್ಸ್ ಸುಮಾರು 6.7 ಡಿಗ್ರಿ ಅಗಲ ಹಿಡಿಯುತ್ತದೆ. ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗವಿದ್ದರೆ 85 ಎಂಎಂ ಸಾಕು. ಗುಡ್ಡದ ಸಾಲೂ ಚೌಕಟ್ಟಿಗೆ ಬರುತ್ತದೆ. 2020ರ ಡಿಸೆಂಬರ್ 21ರಂದು ಗುರು, ಶನಿ ಒಂದಕ್ಕೊಂದು ಚಂದ್ರನ ಅಗಲದ ಐದನೇ ಒಂದು ಭಾಗದಷ್ಟೇ ದೂರದಲ್ಲಿದ್ದವು. ಅಂಥದ್ದಕ್ಕೆ 300 ಎಂಎಂ ಬೇಕು. ಗುರುವಿನ ಉಪಗ್ರಹಗಳು ಚುಕ್ಕಿಗಳಾಗಿ ಬರುತ್ತವೆ, ಶನಿಯ ಬಳೆಗೆ ದೂರದರ್ಶಕವೇ ಬೇಕು.

ಸೂರ್ಯ ಮುಳುಗಿ 30–45 ನಿಮಿಷದ ನಂತರ ಆಕಾಶ ಗಾಢ ನೀಲಿಯಾಗಿ, ಗುಡ್ಡದ ಅಂಚೂ ಕಾಣುತ್ತಿರುತ್ತದೆ, ಆಗಲೇ ತೆಗೆಯಿರಿ. ಟ್ರೈಪಾಡ್ ಮೇಲೆ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಇಡಿ. ಆಟೋಫೋಕಸ್ ತಡಕಾಡುತ್ತದೆ. ಲೈವ್ ವ್ಯೂನಲ್ಲಿ (ಪರದೆಯ ಮೇಲೆ ಕಾಣುವ ನೇರ ಚಿತ್ರದಲ್ಲಿ) 10 ಪಟ್ಟು ಹಿಗ್ಗಿಸಿ ಚಂದ್ರನ ಅಂಚು ಚೂಪಾಗುವವರೆಗೆ ಫೋಕಸ್ ರಿಂಗನ್ನು ಕೈಯಿಂದ ತಿರುಗಿಸಿ, ಅದು ಜರುಗದಂತೆ ಟೇಪ್ ಹಚ್ಚಿ. 200 ಎಂಎಂನಲ್ಲಿ ಎಫ್/4 (ಲೆನ್ಸಿನ ಕಿಂಡಿಯ ಅಳತೆ), ಐಎಸ್ಒ 800 (ಸೆನ್ಸರಿನ ಬೆಳಕಿನ ಸೂಕ್ಷ್ಮತೆ), ಶಟರ್‌ಗೆ 1 ಸೆಕೆಂಡ್ ಕೊಟ್ಟರೆ ಭೂಮಿಯ ಬೆಳಕು ಬಿದ್ದ ಚಂದ್ರನ ಕಪ್ಪು ಭಾಗವೂ ಬೂದಿ ಬಣ್ಣದಲ್ಲಿ ಮೂಡುತ್ತದೆ. ಸಮಯ ಇದಕ್ಕಿಂತ ಹೆಚ್ಚಿಸಿದರೆ ಭೂಮಿಯ ತಿರುಗುವಿಕೆಗೆ ಶುಕ್ರ ಗೆರೆಯಾಗುತ್ತಾನೆ. ಆದರೆ ಚಂದ್ರನ ಬೆಳಗುವ ಎಸಳು ಇದರಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ. ಅದರ ಕುಳಿಗಳು ಬೇಕೆಂದರೆ ಐಎಸ್ಒ 400, 1/125 ಸೆಕೆಂಡಿನಲ್ಲಿ ಇನ್ನೊಂದು ತೆಗೆಯಿರಿ.

ನಮ್ಮಲ್ಲಿ ಹೆಚ್ಚು ಚಿತ್ರ ಕೆಡಿಸುವುದು ಇಬ್ಬನಿ. ಶುಕ್ರನ ಸುತ್ತ ಹಾಲು ಚೆಲ್ಲಿದಂಥ ಬೆಳಕು ಕಂಡರೆ ಲೆನ್ಸಿನ ಮೇಲೆ ತೇವ ಕೂತಿದೆ ಎಂದೇ ಲೆಕ್ಕ. ತೆರೆದ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟ ಗಾಜು ಸುತ್ತಲ ಗಾಳಿಗಿಂತ ತಣ್ಣಗಾಗುವುದರಿಂದ ಹೀಗಾಗುತ್ತದೆ. ಒರೆಸಬೇಡಿ, ಮತ್ತೆ ಕೂರುತ್ತದೆ. ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ ಹಾಕಿ, ಕೈ ಬೆಚ್ಚಗಿಡುವ ಪ್ಯಾಕೆಟ್ಟನ್ನು ಲೆನ್ಸಿನ ಮುಂತುದಿಗೆ ರಬ್ಬರ್ ಬ್ಯಾಂಡಿನಿಂದ ಮೊದಲೇ ಕಟ್ಟಿ. ಬಿಸಿಗೆ ಫೋಕಸ್ ಸ್ವಲ್ಪ ಜರುಗಬಹುದು. ಅರ್ಧ ಗಂಟೆಗೊಮ್ಮೆ ನೋಡಿಕೊಳ್ಳಿ.

ಹೊರಡುವಾಗ ಕ್ಯಾಮೆರಾವನ್ನು ಅಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮನೆಯೊಳಗೆ ಒಂದು ಗಂಟೆ ಹಾಗೇ ಬಿಡಿ. ಮನೆಯ ಬೆಚ್ಚನೆ ಗಾಳಿಯ ತೇವ ಆಗ ಚೀಲದ ಹೊರಗೇ ಕೂರುತ್ತದೆ. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮಳೆಗಾಲದ ನಾಲ್ಕು ತಿಂಗಳು ಬ್ಯಾಗಿನಲ್ಲೇ ಬಿಟ್ಟರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ.