ಧಾರವಾಡದಲ್ಲಿ ಕೂತು ಹಿಮಶಿಖರಕ್ಕೆ ದಾರಿ ಹಾಕಿದ್ದು

ನಾನು ಸ್ಕೀ ಕಲಿತಿದ್ದು ಮೂವತ್ತು ದಾಟಿದ ಮೇಲೆ, ಮನಾಲಿ ಹತ್ತಿರದ ಸೋಲಾಂಗ್ ಕಣಿವೆಯಲ್ಲಿ. ಆಮೇಲೆ ಮೂರು ಚಳಿಗಾಲ ಅಲ್ಲಿಗೇ ಹೋಗಿ ಬಂದೆ. ಹೋದಾಗಲೆಲ್ಲ ಕಣ್ಣು ಫ್ರೆಂಡ್‌ಶಿಪ್ ಶಿಖರದ ಕಡೆಗೇ. ಪೀರ್ ಪಂಜಾಲ್ ಸಾಲಿನ ಈ ಶಿಖರದ ಎತ್ತರ 5,289 ಮೀಟರ್. ನಡೆದು ಹತ್ತುವವರು ಬಹಳ ಜನ ಇದ್ದಾರೆ. ನಮಗೆ ಮೇ ಮೊದಲ ವಾರದಲ್ಲಿ, ಹಿಮ ಇನ್ನೂ ಕೆಳಗಿನವರೆಗೂ ಇರುವಾಗ, ಸ್ಕೀ ಮೇಲೆ ಹತ್ತಿ ಸ್ಕೀ ಮೇಲೇ ಇಳಿಯುವ ಆಸೆ. ನಮಗೆ ಅಂದರೆ ನನಗೆ ಮತ್ತು ಹುಬ್ಬಳ್ಳಿಯ ಒಬ್ಬ ಗೆಳೆಯನಿಗೆ.

ಸ್ಕೀ ಮೇಲೆ ಹತ್ತುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಸ್ಕೀ ಅಡಿಗೆ ‘ಸ್ಕಿನ್’ ಅನ್ನೋ ಕೂದಲಿನ ಪಟ್ಟಿ ಅಂಟಿಸುತ್ತೇವೆ. ದನದ ಮೈ ಸವರಿ ನೋಡಿ. ಒಂದು ಕಡೆಗೆ ಕೈ ಸಲೀಸಾಗಿ ಜಾರುತ್ತದೆ, ಎದುರು ಸವರಿದರೆ ಕೂದಲು ತಡೆಯುತ್ತದೆ. ಅಷ್ಟೇ ವಿಷಯ. ಮುಂದೆ ಜಾರುತ್ತದೆ, ಹಿಂದೆ ಬರಲ್ಲ.

ಕೆಲಸ ಶುರುವಾಗಿದ್ದು ಜನವರಿಯಲ್ಲಿ, ಊಟದ ಟೇಬಲ್ ಮೇಲೆ. 40 ಮೀಟರಿಗೊಂದು ಎತ್ತರದ ಗೆರೆ ಇರುವ 1:50,000 ಅಳತೆಯ ನಕ್ಷೆಯನ್ನು ಪ್ರಿಂಟ್ ಹಾಕಿಸಿದೆ. ಈ ಅಳತೆಯಲ್ಲಿ ಎರಡು ಗೆರೆಗಳ ನಡುವೆ 1.4 ಮಿಲಿಮೀಟರ್ ಜಾಗ ಇದ್ದರೆ ಇಳಿಜಾರು ಸುಮಾರು 30 ಡಿಗ್ರಿ. 0.8 ಇದ್ದರೆ 45 ಡಿಗ್ರಿ. ಹಿಮಕುಸಿತ ಜಾಸ್ತಿ ಆಗುವುದು ಈ ಎರಡರ ನಡುವಿನ ಇಳಿಜಾರಿನಲ್ಲೇ. ಹಾಗಾಗಿ ಮಗನ ಸ್ಕೇಲ್ ಮತ್ತು ಕೆಂಪು ಪೆನ್ಸಿಲ್ ಹಿಡಿದು ಒಂದೊಂದೇ ಜಾಗ ಬಣ್ಣ ಹಚ್ಚುತ್ತಾ ಹೋದೆ. ಎರಡು ಸಂಜೆ ಕಳೆದ ಮೇಲೆ ಏನೋ ಸರಿ ಇಲ್ಲ ಅನ್ನಿಸಿತು. ಎಲ್ಲಾ ಕಡೆ ಕೆಂಪೇ ಕೆಂಪು! ಒಂದು ಕಿಲೋಮೀಟರಿನ ಚೌಕ 20 ಮಿಲಿಮೀಟರ್ ಇರಬೇಕಿತ್ತು, ಸ್ಕೇಲ್ ಇಟ್ಟರೆ ಹದಿನೆಂಟೂವರೆ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದಲಿ ಅಂತ ಕುಗ್ಗಿಸಿ ತೆಗೆದುಬಿಟ್ಟಿದ್ದರು. ಗೆರೆಗಳು ಹತ್ತಿರ ಬಂದು ಇಳಿಜಾರು ಇದ್ದದ್ದಕ್ಕಿಂತ ಕಡಿದಾಗಿ ಕಂಡಿತ್ತು. ಮತ್ತೆ ಪ್ರಿಂಟ್ ಹಾಕಿಸಿ ಮೊದಲಿನಿಂದ ಬಣ್ಣ ಹಚ್ಚಿದೆ. ನಕ್ಷೆ ಕೈಗೆ ಬಂದ ಕೂಡಲೇ ಮೊದಲು ಆ ಚೌಕ ಅಳೆಯಿರಿ. ಇನ್ನೊಂದು, ಕೆಂಪು ಜಾಗ ಬಿಟ್ಟು ನಡೆದರೆ ಸಾಲದು. ಅದರ ಕೆಳಗಿನ ಸಪಾಟು ಜಾಗವೂ ಅಪಾಯವೇ, ಮೇಲಿನಿಂದ ಬಿದ್ದದ್ದು ಬಂದು ನಿಲ್ಲುವುದು ಅಲ್ಲೇ ಅಲ್ವಾ.

ಹಿಮವೇ ಇಲ್ಲದ ಊರಲ್ಲಿ ಅಭ್ಯಾಸ ಹೇಗೆ? ಭಾನುವಾರ ಬೆಳಿಗ್ಗೆ 15 ಕಿಲೋ ತೂಕ ಹೊತ್ತು ನೃಪತುಂಗ ಬೆಟ್ಟ ಹತ್ತಿ ಇಳಿಯುತ್ತಿದ್ದೆವು. ಕಡಿದಾದ ಕಡೆ ಸ್ಕೀ ತಿರುಗಿಸುವುದನ್ನು ಮಾಳಿಗೆ ಮೇಲೆ ಹಳೇ ನವಲಗುಂದ ಜಮಖಾನ ಹಾಸಿ ಕಲಿತೆವು. ಆದರೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅಣ್ಣಿಗೇರಿಯ ಸೋದರಮಾವನ ಹೊಲದ ಬಣವಿ. ಹಿಮದಡಿ ಸಿಕ್ಕಿಬಿದ್ದವರನ್ನು ಹುಡುಕಲು ಎಲ್ಲರ ಎದೆ ಮೇಲೂ ಒಂದು ಟ್ರಾನ್ಸೀವರ್ ಇರುತ್ತದೆ. 457 ಕಿಲೋಹರ್ಟ್ಸ್‌ನಲ್ಲಿ ರೇಡಿಯೋ ಸಂಕೇತ ಕಳಿಸುತ್ತದೆ. ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಹೊರಗೆ ತೆಗೆದರೆ ಮಾತ್ರ ಬದುಕುವ ಆಸೆ ಜಾಸ್ತಿ. ಅದಕ್ಕೇ ಒಬ್ಬರು ಟ್ರಾನ್ಸೀವರನ್ನು ಚೀಲದಲ್ಲಿ ಕಟ್ಟಿ ಬಣವಿಯೊಳಗೆ ಹುಗಿಯುವುದು, ಇನ್ನೊಬ್ಬರು ಹುಡುಕುವುದು. ಮೊದಲ ಸಲ ನನಗೆ ಹನ್ನೊಂದು ನಿಮಿಷ ಬೇಕಾಯಿತು. “ಏನ್ ಹುಡ್ಕಾಕತ್ತೀಯೋ ತಮ್ಮಾ?” ಅಂತ ಮಾವ ಕೇಳಿದರು. ವಿಷಯ ಗೊತ್ತಾದ ಮೇಲೆ ತಾವೇ ಹುಗಿಯತೊಡಗಿದರು, ನಾವು ಊಹಿಸದ ಮೂಲೆಯಲ್ಲಿ. ನಾಲ್ಕು ವಾರದಲ್ಲಿ ನಾಲ್ಕು ನಿಮಿಷಕ್ಕೆ ಬಂದೆವು.

ವಸಂತದ ಹಿಮದಲ್ಲಿ ಎಲ್ಲಾ ಲೆಕ್ಕ ಗಡಿಯಾರದ್ದು. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆವರೆಗೆ ಗಟ್ಟಿ. ಬಿಸಿಲು ಏರಿದಂತೆ ನೀರು ಕುಡಿದು ಸಡಿಲ ಆಗುತ್ತದೆ, ಕುಸಿಯುತ್ತದೆ. ಹಿಮನದಿಯ ಆಳವಾದ ಬಿರುಕುಗಳ ಮೇಲಿನ ಹಿಮದ ಸೇತುವೆಯೂ ಹಾಗೇ. ಅದಕ್ಕೆ ಲೆಕ್ಕ ಹಿಂದಿನಿಂದ ಹಾಕಬೇಕು. ಎಲ್ಲೇ ಇದ್ದರೂ 9 ಗಂಟೆಗೆ ತಿರುಗಬೇಕು ಅಂತ ಮೊದಲೇ ಬರೆದೆವು. ಶಿಖರದ ಕೆಳಗೆ ಲೇಡಿ ಲೆಗ್ ಅನ್ನೋ ಜಾಗದಲ್ಲಿ ನಮ್ಮ ಟೆಂಟ್, 3,840 ಮೀಟರಿನಲ್ಲಿ. ಅಲ್ಲಿಂದ ತುದಿಗೆ ಸುಮಾರು 1,450 ಮೀಟರ್. ಗಂಟೆಗೆ 200 ಮೀಟರ್ ಹತ್ತುತ್ತೇವೆ ಅಂದುಕೊಂಡರೆ ಏಳೂಕಾಲು ಗಂಟೆ. ಅಂದರೆ ಕಾಲು ಗಂಟೆ ಕೈಯಲ್ಲಿ ಇಟ್ಟುಕೊಂಡು ರಾತ್ರಿ 1.30ಕ್ಕೆ ಹೊರಡಬೇಕು.

ಧಾರವಾಡ ಇರುವುದು 750 ಮೀಟರ್ ಎತ್ತರದಲ್ಲಿ. ಆತುರ ಮಾಡಿದರೆ ತಲೆನೋವು, ವಾಂತಿ ಗ್ಯಾರಂಟಿ. ಮನಾಲಿಯಲ್ಲಿ ಎರಡು ರಾತ್ರಿ, ದಾರಿಯಲ್ಲಿನ ಬಕರ್‌ಥಾಚ್ ಹುಲ್ಲುಗಾವಲಿನಲ್ಲಿ ಎರಡು ರಾತ್ರಿ ಉಳಿದೆವು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಸಾಕಷ್ಟು ಬಿಸಿ ಇರಲ್ಲ, ಬೇಳೆ ಬೇಯಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಒಯ್ದಿದ್ದೆವು. ಗ್ಯಾಸ್ ಎಲ್ಲಾ ಹಿಮ ಕರಗಿಸಿ ನೀರು ಮಾಡುವುದಕ್ಕೇ ಉಳಿಯಿತು.

ಮೊದಲ ರಾತ್ರಿ 1 ಗಂಟೆಗೆ ಹೊರಗೆ ಬಂದರೆ ಮೋಡ. ಮೋಡ ಕಂಬಳಿ ಇದ್ದ ಹಾಗೆ, ನೆಲದ ಬಿಸಿ ಮೇಲೆ ಹೋಗಲು ಬಿಡಲ್ಲ. ಸ್ಕೀ ಕೋಲು ಊರಿದೆ, ಮೊಳದುದ್ದ ಒಳಗೆ ಹೋಯಿತು. ನಮ್ಮ ಗೈಡ್ ಭಾಯಿ ಅದನ್ನು ನೋಡಿ ಏನೂ ಹೇಳದೆ ಟೆಂಟ್ ಒಳಗೆ ಹೋದರು. ನಾವೂ ಮಲಗಿದೆವು.

ಮರುದಿನ ರಾತ್ರಿ ಆಕಾಶದ ತುಂಬ ಚುಕ್ಕಿ. ಕಾಲಿಟ್ಟರೆ ಖಡಕ್ ರೊಟ್ಟಿ ಮುರಿದ ಸದ್ದು. ಹೇಳಿದ ಹೊತ್ತಿಗೆ ಹೊರಟೆವು. ಬಿರುಕುಗಳಿರುವ ಕಡೆ ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡೆವು. 4,600 ದಾಟಿದ ಮೇಲೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. 9 ಗಂಟೆಗೆ ಗಡಿಯಾರದಲ್ಲಿ ಎತ್ತರ 5,050. ತುದಿ ಎದುರಿಗೇ ಕಾಣುತ್ತಿತ್ತು, ಗಾಳಿಯೂ ಇರಲಿಲ್ಲ. ಗೆಳೆಯ ನನ್ನ ಮುಖ ನೋಡಿದ, “ಒಂಬತ್ತಾತು” ಅಂದ. ಸ್ಕಿನ್ ಕಿತ್ತು ಮಡಚಿ ಜಾಕೆಟ್ ಒಳಗೆ ಹಾಕಿಕೊಂಡೆವು. ಮೇಲಿನ ಎರಡು ಬೆರಳಷ್ಟು ಹಿಮ ಮಾತ್ರ ಮೆತ್ತಗಾಗಿತ್ತು, ಅಡಿಯಲ್ಲಿ ಗಟ್ಟಿ. ಅಂಥ ಇಳಿತ ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಹನ್ನೊಂದೂವರೆಗೆ ಟೆಂಟ್ ಹತ್ತಿರ ಚಹಾ ಕುಡಿಯುತ್ತಿದ್ದಾಗ ಎದುರಿನ ಗೋಡೆಯಿಂದ ಗುಡುಗಿನಂಥ ಸದ್ದು ಬಂತು, ಬಿಳಿ ಧೂಳು ಎದ್ದಿತು.

ನಕ್ಷೆ ಈಗ ಮತ್ತೆ ಟೇಬಲ್ ಮೇಲಿದೆ. ನಮ್ಮ ನಿಜವಾದ ವೇಗ ಗಂಟೆಗೆ 160 ಮೀಟರ್, 200 ಅಲ್ಲ. ಮುಂದಿನ ಸಲ ಟೆಂಟ್ 4,100ರಲ್ಲಿ ಹಾಕುತ್ತೇವೆ. ಅಲ್ಲಿಂದ ಉಳಿಯುವುದು 1,190 ಮೀಟರ್, ಏಳೂವರೆ ಗಂಟೆ. ರಾತ್ರಿ 1ಕ್ಕೆ ಹೊರಟರೆ 8.30.