ಘಾಟಿಯಲ್ಲಿ ನ್ಯೂಟ್ರಲ್ ಬೇಡ, ಗೇರ್ ಇರಲಿ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿಯತ್ತ ಹೊರಟ ಕಾರುಗಳಿಗೆ ಸ್ವಲ್ಪ ಕಿವಿಗೊಡಿ. ಇಳಿಜಾರು ಸಿಕ್ಕ ಕೂಡಲೇ ಕೆಲವು ಕಾರುಗಳ ಎಂಜಿನ್ ಸದ್ದು ತಟ್ಟನೆ ಅಡಗುತ್ತದೆ. ಗೇರ್ ನ್ಯೂಟ್ರಲ್‌ಗೆ ಬಂತು ಎಂದು ಲೆಕ್ಕ. ಇನ್ನೂ ಕೆಲವರು ಕೀಲಿಯನ್ನೇ ತಿರುಗಿಸಿ ಎಂಜಿನ್ ಆರಿಸಿಬಿಡುತ್ತಾರೆ. ಕೆಳಗೆ ಚಾರ್ಮಾಡಿ ತಲುಪುವಷ್ಟರಲ್ಲಿ ಆ ಕಾರುಗಳ ಚಕ್ರದಿಂದ ಸುಟ್ಟ ವಾಸನೆ ಬರುತ್ತಿರುತ್ತದೆ. ಇಂಧನ ಉಳಿಸಬೇಕೆಂಬ ಹಟ ಒಳ್ಳೆಯದೇ. ಆದರೆ ಇವತ್ತಿನ ಗಾಡಿಗಳಲ್ಲಿ ನ್ಯೂಟ್ರಲ್ ಹಾಕಿ ಇಳಿದರೆ ಪೆಟ್ರೋಲ್ ಉಳಿಯುವುದಿಲ್ಲ, ಖರ್ಚಾಗುತ್ತದೆ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ಹೋಗಿ ಬರುವ ಸುಮಾರು 300 ಕಿ.ಮೀ. ಪ್ರಯಾಣವನ್ನೇ ಮುಂದಿಟ್ಟುಕೊಂಡು, ನಿಜವಾಗಿ ಉಳಿಸುವ ಕ್ರಮ ಹೇಗೆಂದು ನೋಡೋಣ.

1. ಹೊರಡುವ ಮೊದಲು ಟ್ಯಾಂಕ್ ತುಂಬಿಸಿ

ಬಂಕಿನಲ್ಲಿ ಗನ್ ಮೊದಲ ಸಲ ತಾನಾಗಿ ಕಟ್ ಆದಾಗ ನಿಲ್ಲಿಸಲು ಹೇಳಿ. ‘ರೌಂಡ್ ಫಿಗರ್ ಮಾಡ್ತೀನಿ ಸಾರ್’ ಎಂದರೆ ಬೇಡ ಎನ್ನಿ. ಕುತ್ತಿಗೆಯ ತನಕ ತುಂಬಿಸಿದರೆ ಲೆಕ್ಕ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಪೆಟ್ರೋಲ್ ಆವಿಯನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗುತ್ತದೆ. ಓಡೋಮೀಟರ್ ಸಂಖ್ಯೆಯನ್ನು ಬರೆದುಕೊಳ್ಳಿ, ಬಂಕು ಮತ್ತು ಪಂಪು ಯಾವುದೆಂದು ನೆನಪಿಡಿ. ಬೆಳಗಿನ ಚಳಿಯಲ್ಲಿ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆ ಎಂದು ಐದೂವರೆಗೇ ಬಂಕಿಗೆ ಹೋಗುವವರಿದ್ದಾರೆ. ಟ್ಯಾಂಕು ನೆಲದಡಿಯಲ್ಲಿರುತ್ತದೆ, ಅಲ್ಲಿಯ ಉಷ್ಣಾಂಶ ಬೆಳಗಿಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಅಷ್ಟು ಹೊತ್ತು ನಿದ್ದೆ ಮಾಡಿ.

2. ಹವಾ ನೋಡಿಸಿ

ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ, ಟೈರ್ ತಣ್ಣಗಿರುವಾಗ. ಪೂರ್ತಿ ಜನ, ಲಗೇಜು ಇದ್ದರೆ ಅದೇ ಚೀಟಿಯಲ್ಲಿ ಬೇರೆ ಅಂಕಿ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿಸಿದರೆ ಸಾಕು. 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದಲ್ಲಿ 40 ಹೊಡೆಸಿ ‘ಗಾಡಿ ಹಗುರ ಓಡುತ್ತೆ’ ಎನ್ನುವವರ ಮಾತು ಕೇಳಬೇಡಿ. ಗಟ್ಟಿಯಾದ ಟೈರು ನಡುವಿನಲ್ಲಷ್ಟೇ ನೆಲ ಮುಟ್ಟುತ್ತದೆ, ನಡುವೆಯೇ ಸವೆಯುತ್ತದೆ, ಮಳೆಗಾಲದ ಘಾಟಿಯಲ್ಲಿ ಹಿಡಿತ ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಜಿಲ್ಲೆಯಲ್ಲಿ ಈ ಪ್ರಯೋಗ ಬೇಡವೇ ಬೇಡ.

ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ, ಗಾಳಿಗೆ ಅಡ್ಡವಾಗುತ್ತದೆ. ಸ್ಟೆಪ್ನಿ ಮಾತ್ರ ತೆಗೆಯಬೇಡಿ. ತೂಕ ಕಡಿಮೆ ಮಾಡುತ್ತೇವೆಂದು ಅದನ್ನು ಮನೆಯಲ್ಲಿಟ್ಟು ಬರುವವರು ಪಂಕ್ಚರ್ ಆದ ದಿನ ಘಾಟಿಯ ನಡುವೆ ಫೋನಿಗೆ ಸಿಗ್ನಲ್ ಹುಡುಕುತ್ತ ನಿಲ್ಲಬೇಕಾಗುತ್ತದೆ.

3. ಸ್ಟಾರ್ಟ್ ಮಾಡಿ, ಹೊರಡಿ

ಡಿಸೆಂಬರ್ ಚಳಿಯಲ್ಲೂ ಅರ್ಧ ನಿಮಿಷ ಸಾಕು. ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವುದು, ಗಾಳಿ-ಪೆಟ್ರೋಲ್ ಬೆರೆಸುವ ಹಳೆಯ ಸಾಧನವಾದ ಕಾರ್ಬುರೇಟರ್ ಕಾಲದ ಅಭ್ಯಾಸ. ಮೊದಲ ಎರಡು-ಮೂರು ಕಿ.ಮೀ. ಮೆಲ್ಲಗೆ ಓಡಿಸಿದರೆ ಎಂಜಿನ್ ತಾನೇ ಬಿಸಿಯಾಗುತ್ತದೆ. ಮೂಡಿಗೆರೆ ತನಕ ಮುಂದಿನ ತಿರುವು, ಮುಂದಿನ ಹಂಪು ನೋಡಿಕೊಂಡು ಮೊದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಬ್ರೇಕ್ ಹೊಡೆದಾಗಲೆಲ್ಲ ಆಗಲೇ ಸುಟ್ಟ ಪೆಟ್ರೋಲ್ ಚಕ್ರದಲ್ಲಿ ಬಿಸಿಯಾಗಿ ಹೋಗುತ್ತದೆ. ಲಾರಿಯ ಬಾಲಕ್ಕೆ ಅಂಟಿಕೊಂಡರೆ ಗಾಳಿಯ ತಡೆ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಆ ಲಾಭ ಸಿಗುವಷ್ಟು ಹತ್ತಿರ ಹೋದರೆ ಅದು ಬ್ರೇಕ್ ಹಾಕಿದಾಗ ನಿಮಗೆ ನಿಲ್ಲಿಸಲು ಜಾಗ ಇರುವುದಿಲ್ಲ. ಮೂರು ಸೆಕೆಂಡಿನ ಅಂತರ ಇರಲಿ.

4. ಘಾಟಿ ಇಳಿಯುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಾಗಾಗಿ ನಿಧಾನವಾಗಿ ಓದಿ.

ಮೊದಲು ಕಾರಣ. ಫ್ಯೂಯಲ್ ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಇಂಧನ ಚಿಮ್ಮಿಸುವ ವ್ಯವಸ್ಥೆ) ಇರುವ ಎಂಜಿನ್ನಿನಲ್ಲಿ, ಗೇರ್ ಇದ್ದು ಕ್ಲಚ್ ಒತ್ತದೆ ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದರೆ ಕಂಪ್ಯೂಟರ್ ಇಂಧನವನ್ನು ಸಂಪೂರ್ಣ ನಿಲ್ಲಿಸುತ್ತದೆ. ಎಂಜಿನ್ನನ್ನು ತಿರುಗಿಸುವುದು ಆಗ ಚಕ್ರಗಳೇ. ವೇಗ ಇಳಿದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಸುಮಾರು 1,200ರ ಆಸುಪಾಸಿಗೆ ಬಂದ ಮೇಲಷ್ಟೇ ಮತ್ತೆ ಇಂಧನ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕ್ಷಣಕ್ಷಣದ ಮೈಲೇಜ್ ತೋರಿಸುವ ಗೆರೆ ಇದ್ದರೆ, ಅದು ತುದಿಗೆ ಹೋಗಿ ನಿಲ್ಲುವುದನ್ನು ನೀವೇ ನೋಡಬಹುದು. ನ್ಯೂಟ್ರಲ್‌ನಲ್ಲಿ ಹೀಗಾಗುವುದಿಲ್ಲ. ಚಕ್ರದ ನಂಟು ತಪ್ಪಿದ ಎಂಜಿನ್ ಆರಿಹೋಗದಂತೆ ಇಂಧನ ಕೊಡುತ್ತಲೇ ಇರಬೇಕು. 1.2 ಲೀಟರಿನ ಪೆಟ್ರೋಲ್ ಕಾರು ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಅರ್ಧ ಲೀಟರಿಗೂ ಮಿಕ್ಕಿ ಕುಡಿಯುತ್ತದೆ. ಘಾಟಿಯಲ್ಲಿ ಮುಕ್ಕಾಲು ಗಂಟೆ ನ್ಯೂಟ್ರಲ್‌ನಲ್ಲಿ ಇಳಿದರೆ ಎಷ್ಟು ಹೋಯಿತು, ನೀವೇ ಲೆಕ್ಕ ಹಾಕಿ.

ನ್ಯೂಟ್ರಲ್ ಅಭ್ಯಾಸ ಹುಟ್ಟಿದ್ದು ಕಾರ್ಬುರೇಟರ್ ಇದ್ದಾಗ. ಗೇರಿನಲ್ಲಿ ಇಳಿದರೂ ಎಂಜಿನ್ ಸೆಳೆತಕ್ಕೆ ಪೆಟ್ರೋಲ್ ಹೋಗುತ್ತಿತ್ತು, ನ್ಯೂಟ್ರಲ್ ಹಾಕಿದರೆ ಒಂದಿಷ್ಟು ಉಳಿಯುತ್ತಿತ್ತು. ಎಸ್ಟೇಟುಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಡೀಸೆಲ್ ಜೀಪುಗಳಿಗೆ ಆಗಲೂ ಇದು ಅನ್ವಯಿಸುತ್ತಿರಲಿಲ್ಲ. ಅವುಗಳ ಪಂಪಿನಲ್ಲಿ ಇಂಧನದ ಪ್ರಮಾಣ ನಿಯಂತ್ರಿಸುವ ಗವರ್ನರ್, ಕಾಲು ತೆಗೆದ ಕೂಡಲೇ ಡೀಸೆಲ್ ಕಡಿಯುತ್ತದೆ.

ಇನ್ನು ಬ್ರೇಕಿನ ಮಾತು. ನಾಲ್ಕು ಜನ, ಲಗೇಜು ಸೇರಿ 1,400 ಕಿಲೋ ತೂಗುವ ಕಾರು ಎತ್ತರದಲ್ಲಿ 100 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಘಾಟಿಯಲ್ಲಿ ಇಂಥ ನೂರು ಮೀಟರುಗಳು ಒಂದರ ಹಿಂದೊಂದು ಬರುತ್ತವೆ. ಗೇರಿನಲ್ಲಿದ್ದರೆ ಇದರ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ನ್ಯೂಟ್ರಲ್‌ನಲ್ಲಿ ಹೆಚ್ಚು ಕಡಿಮೆ ಎಲ್ಲವೂ ಬ್ರೇಕ್ ಪ್ಯಾಡಿನ ಮೇಲೆ. ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಆ ಬಿಸಿ ಬ್ರೇಕ್ ಆಯಿಲ್‌ಗೂ ಹತ್ತುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿಯ ತನಕ ಕುದಿಯುವುದಿಲ್ಲ, ಆದರೆ ನೀರಂಶ ಹೀರಿಕೊಂಡ ಮೇಲೆ ಅದೇ ಆಯಿಲಿನ ಮಿತಿ 155ಕ್ಕೆ ಇಳಿಯಬಹುದು. ಕುದ್ದರೆ ಪೈಪಿನೊಳಗೆ ಗುಳ್ಳೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಮಲೆನಾಡಿನ ತೇವದಲ್ಲಿ ಗಾಡಿ ಇಟ್ಟುಕೊಂಡವರು ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಲೇಬೇಕು. ಸರ್ವೀಸಿಗೆ ಬಿಟ್ಟಾಗ ಬಾಯಿ ಬಿಟ್ಟು ಕೇಳಿ. ಎಂಜಿನ್ ಆಯಿಲ್ ಮಾತ್ರ ಬದಲಿಸಿ ಕೊಡುವುದು ಅನೇಕ ಕಡೆ ರೂಢಿ.

ಈಗ ಕೈಕಾಲಿನ ಕೆಲಸ. ‘ಹತ್ತುವ ಗೇರಿನಲ್ಲೇ ಇಳಿಯಬೇಕು’ ಎಂಬ ಹಳೆಯ ಚಾಲಕರ ಮಾತೇ ಇದರ ತಳಹದಿ.

ಇಳಿಜಾರು ಶುರುವಾಗುವ ಮೊದಲೇ, ವೇಗ ಕಡಿಮೆ ಇರುವಾಗ, ಮೂರನೇ ಗೇರಿಗೆ ಬನ್ನಿ. ಕಾಲು ಆಕ್ಸಿಲರೇಟರ್‌ನಿಂದ ಪೂರ್ತಿ ತೆಗೆಯಿರಿ. ಗಾಡಿ ತನ್ನಷ್ಟಕ್ಕೆ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಗೇರ್ ಸರಿಯಾಗಿದೆ. ವೇಗ ಏರುತ್ತಲೇ ಇದ್ದರೆ ಎರಡಕ್ಕೆ ಇಳಿಸಿ. ಇಳಿಸುವ ಕ್ರಮ ಹೀಗೆ: ಮೊದಲು ಬ್ರೇಕ್ ಒತ್ತಿ ವೇಗವನ್ನು 25-30ಕ್ಕೆ ತನ್ನಿ, ನಂತರ ಕ್ಲಚ್, ನಂತರ ಗೇರ್, ಆಮೇಲೆ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಕ್ಲಚ್ ಮೊದಲು ಒತ್ತಿ ಆಮೇಲೆ ಬ್ರೇಕ್ ಹುಡುಕಿದರೆ ಆ ಎರಡು ಸೆಕೆಂಡು ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆಯೇ, ಮುಂದಕ್ಕೆ ನುಗ್ಗುತ್ತದೆ. ಇದೇ ಕಾರಣಕ್ಕೆ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಇಳಿಯಲೂಬಾರದು.

ಸದ್ದು ಏರಿ ಆರ್‌ಪಿಎಂ 3,000 ತೋರಿಸಿದರೆ ಹೆದರಬೇಡಿ. ಈ ಸದ್ದು ಕೇಳಿಯೇ ಜನ ‘ಪೆಟ್ರೋಲ್ ಸುರಿದುಹೋಗುತ್ತಿದೆ’ ಎಂದುಕೊಂಡು ನ್ಯೂಟ್ರಲ್ ಹಾಕುತ್ತಾರೆ. ಆ ಹೊತ್ತಿನಲ್ಲಿ ಎಂಜಿನ್ನಿಗೆ ಒಂದು ಹನಿಯೂ ಹೋಗುತ್ತಿರುವುದಿಲ್ಲ, ಅದು ಗಾಳಿಯನ್ನಷ್ಟೇ ಎಳೆದು ಹೊರಗೆ ಹಾಕುತ್ತಿರುತ್ತದೆ.

ಹೇರ್‌ಪಿನ್ ತಿರುವಿಗೆ ಬರುವ ಮುನ್ನ, ರಸ್ತೆ ನೇರ ಇರುವಲ್ಲೇ, ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗವನ್ನು 15-20ಕ್ಕೆ ಇಳಿಸಿ, ಪೂರ್ತಿ ಬಿಡಿ, ಹಾರ್ನ್ ಹಾಕಿ, ಎರಡನೇ ಗೇರಿನಲ್ಲಿ ತಿರುಗಿ. ಒತ್ತಿ ಬಿಡುವುದು ಮುಖ್ಯ. ಬಿಟ್ಟ ಹೊತ್ತಿನಲ್ಲಿ ಬ್ರೇಕಿಗೆ ಗಾಳಿ ತಾಗಿ ತಣಿಯುತ್ತದೆ. ಉದ್ದಕ್ಕೂ ಮೆತ್ತಗೆ ಒತ್ತಿ ಹಿಡಿದರೆ ತಣಿಯಲು ಪುರಸೊತ್ತೇ ಸಿಗುವುದಿಲ್ಲ. ಎದುರಿನಿಂದ ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. ನಿಯಮವೂ ಅದೇ.

ಆಟೊಮ್ಯಾಟಿಕ್ ಕಾರಿನವರು ‘ಡಿ’ಯಲ್ಲೇ ಇಟ್ಟು ಬ್ರೇಕ್ ಹಿಡಿದು ಇಳಿಯುತ್ತಾರೆ. ಗೇರ್ ಕೋಲಿನ ಪಕ್ಕ ಎಲ್, 2, ಎಸ್ ಅಥವಾ ಎಂ ಎಂದಿರುವುದು ಇಂಥ ಜಾಗಕ್ಕೇ. ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ಸಾಮಾನ್ಯ ಗೇರನ್ನೇ ತಾನಾಗಿ ಬದಲಿಸುವ ವ್ಯವಸ್ಥೆ) ಇದ್ದರೆ ಎಂ ಕಡೆಗೆ ತಂದು ಎರಡನೇ ಗೇರಿನಲ್ಲಿ ನಿಲ್ಲಿಸಿ.

ಎಂಜಿನ್ ಆರಿಸಿ ಇಳಿಯುವುದು ಇನ್ನೊಂದು ದುಸ್ಸಾಹಸ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ ಓಡುವಾಗಷ್ಟೇ ತುಂಬಿಕೊಳ್ಳುತ್ತದೆ. ಆರಿಸಿದ ಮೇಲೆ ಎರಡು-ಮೂರು ಸಲ ಒತ್ತುವಷ್ಟು ದಾಸ್ತಾನು ಉಳಿದಿರುತ್ತದೆ, ನಾಲ್ಕನೆಯದಕ್ಕೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಬಲ ಬಿಡುತ್ತದೆ. ಕೀಲಿ ಹಿಂದಕ್ಕೆ ಪೂರ್ತಿ ತಿರುಗಿ ಹೊರಬಂದರೆ ಸ್ಟೀರಿಂಗ್ ಲಾಕ್. ಹೇರ್‌ಪಿನ್ನಿನಲ್ಲಿ ಹೀಗಾದರೆ ಏನಾಗುತ್ತದೆಂದು ಬರೆಯಬೇಕಿಲ್ಲ.

ಗೇರಿಲ್ಲದ ಸ್ಕೂಟರಿನವರಿಗೂ ಒಂದು ಮಾತು. ಎಂಜಿನ್ ಆರಿಸಿದರೆ, ವೇಗ ಇಳಿದ ಕೂಡಲೇ ಅದರ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ, ಎಂಜಿನ್ ಹಿಡಿತ ಸಂಪೂರ್ಣ ಹೋಗುತ್ತದೆ, ಉಳಿಯುವುದು ಬ್ರೇಕ್ ಮಾತ್ರ. ಓಡುತ್ತಿರುವಾಗಲೂ ತೀರಾ ನಿಧಾನಕ್ಕೆ ಬಂದರೆ ಕ್ಲಚ್ ಬಿಡುತ್ತದೆ. ಆಗ ಒಂದು ಕ್ಷಣ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಮತ್ತೆ ಹಿಡಿದುಕೊಳ್ಳುತ್ತದೆ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದಂತೆ ಅನ್ನಿಸಿದರೆ, ಅಗಲವಾದ ಜಾಗ ನೋಡಿ ನಿಲ್ಲಿಸಿ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಅರ್ಧ ಗಂಟೆ ಕಾಯಿರಿ. ಮಳೆಗಾಲದಲ್ಲಿ ರಸ್ತೆ ಬದಿಯಲ್ಲೇ ಝರಿ ಬೀಳುತ್ತಿರುತ್ತದೆ, ಬಾಟಲಿಯಲ್ಲಿ ಹಿಡಿದು ಚಕ್ರಕ್ಕೆ ಸುರಿಯುವವರು ಕಾಣುತ್ತಾರೆ. ಕೆಂಪಗೆ ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಬಾಗುತ್ತದೆ, ಬಿರುಕೂ ಬಿಡಬಹುದು.

5. ವಾಪಸು ಹತ್ತುವುದು

ಎಂಜಿನ್ ಮುಕ್ಕರಿಯುವ ಮೊದಲೇ ಗೇರ್ ಇಳಿಸಿ. ಮೇಲಿನ ಗೇರಿನಲ್ಲಿ ಪೆಡಲನ್ನು ತಳಕ್ಕೆ ಒತ್ತಿ ಎಳೆಯುವುದರಿಂದ ಉಳಿತಾಯವಿಲ್ಲ. ಏಸಿ ಆರಿಸಬೇಕೆನಿಸಿದರೆ ಇಲ್ಲಿ ಆರಿಸಿ, ಪ್ರಯೋಜನವಿದೆ. ಬಂಟ್ವಾಳದಾಚೆಯ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಕಿಟಕಿ ತೆರೆದು ಏಸಿ ಉಳಿಸುವುದಕ್ಕಿಂತ ಕಿಟಕಿ ಮುಚ್ಚಿ ಏಸಿ ಹಾಕುವುದೇ ಮೇಲು.

ಇಂಧನದ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮೈಲೇಜ್ ಮಾತ್ರೆ, ಸಿಗರೇಟ್ ಲೈಟರ್ ತೂತಿಗೆ ಚುಚ್ಚುವ ದೀಪದ ಡಬ್ಬಿ, ಇವು ಯಾವುದನ್ನೂ ಕೊಳ್ಳಬೇಡಿ. ಆ ದುಡ್ಡಿಗೆ ಹೊಸ ಏರ್ ಫಿಲ್ಟರ್ ಮತ್ತು ಒಂದು ಒಳ್ಳೆಯ ಹವಾ ಗೇಜ್ ಬರುತ್ತದೆ.

6. ಲೆಕ್ಕ ಹಾಕಿ

ಮಂಗಳೂರು ತಲುಪಿದ ಕೂಡಲೇ ‘ಇಪ್ಪತ್ತೆರಡು ಕೊಡ್ತು’ ಎಂದು ಮನೆಗೆ ಫೋನ್ ಮಾಡಬೇಡಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಅಷ್ಟು ಎತ್ತರದಿಂದ ಜಾರಿದ್ದಕ್ಕೆ ಸಿಕ್ಕ ಉಡುಗೊರೆ ಅದು. ಅದೇ 1,400 ಕಿಲೋ ತೂಕವನ್ನು ಮತ್ತೆ ಮೇಲೆತ್ತಲು ಒಂದೂವರೆಯಿಂದ ಎರಡು ಲೀಟರ್ ಹೆಚ್ಚುವರಿ ಪೆಟ್ರೋಲ್ ಬೇಕು. ಹಾಸನದವರು ಶಿರಾಡಿ ಘಾಟಿಯಲ್ಲಿ ಹೋಗಿ ಬಂದರೂ ಇದೇ ಕಥೆ.

ವಾಪಸು ಬಂದು ಅದೇ ಬಂಕು, ಅದೇ ಪಂಪಿನಲ್ಲಿ ಮೊದಲ ಕಟ್ ತನಕ ತುಂಬಿಸಿ. ಉದಾಹರಣೆಗೆ, ಮಂಗಳೂರಿನಲ್ಲೂ ಒಮ್ಮೆ ಹೀಗೇ ತುಂಬಿಸಿದ್ದು, ಹೋಗುವಾಗ 152 ಕಿ.ಮೀ.ಗೆ 6.9 ಲೀಟರ್ ಹಿಡಿದರೆ 22 ಬರುತ್ತದೆ, ಬರುವಾಗ ಅಷ್ಟೇ ದೂರಕ್ಕೆ 10 ಲೀಟರ್ ಹಿಡಿದರೆ 15.2. ಇವೆರಡನ್ನು ಕೂಡಿಸಿ ಅರ್ಧ ಮಾಡಿದರೆ 18.6 ಬರುತ್ತದೆ, ಅದು ತಪ್ಪು. ಒಟ್ಟು 304 ಕಿ.ಮೀ.ಯನ್ನು ಒಟ್ಟು 16.9 ಲೀಟರಿನಿಂದ ಭಾಗಿಸಬೇಕು: ಹೆಚ್ಚು ಕಡಿಮೆ 18. ಮೂರ್ನಾಲ್ಕು ವರ್ಷದ ಹಿಂದಿನ ಡೈರಿ ತೆಗೆದು ‘ಆಗ ಹತ್ತೊಂಬತ್ತು ಕೊಡ್ತಿತ್ತು’ ಎಂದು ಗಾಡಿಯನ್ನು ಬೈಯಬೇಡಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಡೈರಿಯಲ್ಲಿ ಒಂದು ಗೆರೆ ಎಳೆದು, ಇವತ್ತಿನ 18ನ್ನು ಹೊಸ ಪುಟದ ಮೊದಲ ಸಾಲಾಗಿ ಬರೆಯಿರಿ.