‘ಆರ್ಸೆನೊಕೊಯ್ಟೈ’ ಪದವನ್ನು ನಾನು ಅಧ್ಯಯನ ಮಾಡಿದ ಬಗೆ

ನಮ್ಮ ಸಭೆಯ ಸತ್ಯವೇದ ಅಧ್ಯಯನ ಕೂಟದಲ್ಲಿ ಅಪೊಸ್ತಲ ಪೌಲನ ಪತ್ರವಾದ 1 ಕೊರಿಂಥದ 6ನೆಯ ಅಧ್ಯಾಯವನ್ನು ವಿವರಿಸುವ ಹೊಣೆ ನನ್ನದಾದಾಗ, ಒಂಬತ್ತನೆಯ ವಚನದಲ್ಲಿ ಸಲಿಂಗ ಸಂಬಂಧವನ್ನು ಖಂಡಿಸುತ್ತದೆಂದು ಸಾಮಾನ್ಯವಾಗಿ ಓದಲಾಗುವ ‘ಆರ್ಸೆನೊಕೊಯ್ಟೈ’ ಎಂಬ ಗ್ರೀಕ್ ಪದಕ್ಕೆ ನಿಘಂಟಿನ ಒಂದು ಸಾಲನ್ನು ಓದಿ ಮುಂದೆ ಸಾಗಲು ನನಗೆ ಮನಸ್ಸು ಬರಲಿಲ್ಲ. ಈ ಪದವನ್ನು ಮುಂದಿಟ್ಟುಕೊಂಡು ಮನುಷ್ಯರನ್ನು ಸಭೆಯಿಂದ ಹೊರಗಿಡುವಾಗ, ಅದು ಏನು ಹೇಳುತ್ತದೆಂದು ತಿಳಿಯುವುದು ಬೋಧಿಸುವವನ ಕರ್ತವ್ಯ.

ಹೊಸ ಒಡಂಬಡಿಕೆಯಲ್ಲಿ ಇದು ಬರುವುದು ಎರಡೇ ಕಡೆ, ಇಲ್ಲಿ ಮತ್ತು 1 ತಿಮೊಥೆಯ 1:10ರಲ್ಲಿ. ಎರಡೂ ಪಾಪಗಳ ಪಟ್ಟಿಗಳಾದ್ದರಿಂದ ವಾಕ್ಯದ ಸಂದರ್ಭದಿಂದ ದೊರೆಯುವ ನೆರವು ಅಲ್ಪ. ‘ಆರ್ಸೆನ್’ ಎಂದರೆ ಗಂಡು, ‘ಕೊಯ್ಟೆ’ ಎಂದರೆ ಹಾಸಿಗೆ. ಬಿಡಿ ಭಾಗಗಳನ್ನು ಕೂಡಿಸಿದ ಮಾತ್ರಕ್ಕೆ ಸಮಾಸದ ಅರ್ಥ ಸಿದ್ಧವಾಗುವುದಿಲ್ಲವಾದ್ದರಿಂದ, ಪೌಲನ ಕಾಲದ ಯೆಹೂದ್ಯರು ಓದುತ್ತಿದ್ದ ಗ್ರೀಕ್ ಹಳೆಯ ಒಡಂಬಡಿಕೆಯಾದ ಸೆಪ್ಟುಅಜಿಂಟನ್ನು ತೆರೆದೆ. ಗಂಡಸು ಗಂಡಸಿನೊಡನೆ ಮಲಗುವುದನ್ನು ಖಂಡಿಸುವ ಯಾಜಕಕಾಂಡ 20:13ರಲ್ಲಿ ‘ಆರ್ಸೆನೊಸ್ ಕೊಯ್ಟೆನ್’ ಎಂಬ ಎರಡು ಪದಗಳು ಅಕ್ಕಪಕ್ಕದಲ್ಲೇ ನಿಂತಿವೆ. ನನ್ನ ಮಟ್ಟಿಗೆ ಇದು ಅತ್ಯಂತ ಬಲವಾದ ಸಾಕ್ಷ್ಯ.

ಆದರೆ ಈ ಪದ ಹೇಳುವುದು ಲೈಂಗಿಕ ಶೋಷಣೆಯನ್ನು ಮಾತ್ರ ಎಂಬ ಎದುರು ಪಕ್ಷದ ವಾದವನ್ನೂ ಅಷ್ಟೇ ಶ್ರದ್ಧೆಯಿಂದ ತೂಗಿ ನೋಡಿದೆ. ತಿಮೊಥೆಯನ ಪಟ್ಟಿಯಲ್ಲಿ ಈ ಪದದ ಬೆನ್ನಿಗೇ ಮನುಷ್ಯರನ್ನು ಕದ್ದು ಮಾರುವವರು ಬರುತ್ತಾರೆ. ಪ್ರಾಚೀನ ಗ್ರೀಕ್ ಭವಿಷ್ಯವಾಣಿ ಪದ್ಯಗಳ ಸಂಗ್ರಹವಾದ ‘ಸಿಬಿಲ್ಲಾ ವಾಣಿ’ಗಳ ಎರಡನೆಯ ಪುಸ್ತಕದಲ್ಲಿ ಇದರ ಕ್ರಿಯಾರೂಪವು ಗುಟ್ಟು ಬಿಟ್ಟುಕೊಡಬೇಡ, ಕೊಲ್ಲಬೇಡ, ದುಡಿದವನಿಗೆ ಕೂಲಿ ಕೊಡು ಎಂಬ ವಿಧಿಗಳ ನಡುವೆ ಇದೆ. ಹೀಗಾಗಿ ಶೋಷಣೆಯ ನೆರಳು ಈ ಪದದ ಮೇಲೆ ಇರಬಹುದೆಂದು ಒಪ್ಪುತ್ತೇನೆ. ಅರ್ಥವೆಲ್ಲ ಅಷ್ಟೇ ಎನ್ನಲು ಮಾತ್ರ ಆಧಾರ ಸಾಲದು.

ಅನುವಾದಗಳ ವಿಷಯದಲ್ಲಿ ನನ್ನ ಆಕ್ಷೇಪ ಬೇರೆ. 1946ರ ಇಂಗ್ಲಿಷ್ ಪರಿಷ್ಕೃತ ಅನುವಾದವು ಇದನ್ನೂ ಇದರ ಹಿಂದಿನ ‘ಮಲಕೊಯ್’ (ಅಕ್ಷರಶಃ ‘ಮೃದುವಾದವರು’) ಪದವನ್ನೂ ಒಟ್ಟುಗೂಡಿಸಿ ‘ಹೋಮೋಸೆಕ್ಷುವಲ್ಸ್’ ಎಂದು ಬರೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಆ ಪದ ಹೆಂಗಸರನ್ನೂ ಮನಸ್ಸಿನ ಒಲವನ್ನೂ ಒಳಗೊಳ್ಳುತ್ತದೆ. ಗ್ರೀಕ್ ಪದ ಹೇಳುವುದು ಗಂಡಸರ ಕೃತ್ಯವನ್ನು. 1971ರ ಆವೃತ್ತಿಯಲ್ಲಿ ಅದನ್ನು ಬದಲಾಯಿಸಲಾಯಿತು. ನಮ್ಮ ಹಳೆಯ ಕನ್ನಡ ಅನುವಾದದ ‘ಪುರುಷಗಾಮಿಗಳು’ ಎಂಬ ಪದ ಈ ಒಂದು ವಿಷಯದಲ್ಲಿ ಮೂಲಕ್ಕೆ ಹೆಚ್ಚು ಹತ್ತಿರವಾಗಿದೆ.

ಕೂಟದಲ್ಲಿ ಹಿರಿಯರೊಬ್ಬರು, ಒಲವಿದ್ದೂ ಸಂಯಮದಿಂದ ಬಾಳುವವನಿಗೆ ಈ ವಚನ ಅನ್ವಯಿಸುತ್ತದೆಯೇ ಎಂದು ಕೇಳಿದರು. ಈ ಪದದೊಳಗೆ ಒಲವಿನ ಮಾತೇ ಇಲ್ಲವೆಂದೂ, ಪೌಲನ ಇನ್ನೊಂದು ಪತ್ರವಾದ ರೋಮಾಪುರದ 1ನೆಯ ಅಧ್ಯಾಯದಲ್ಲಿ ಸಲಿಂಗ ಸಂಬಂಧದ ಕುರಿತು ಬರುವ ಮಾತುಗಳನ್ನು ಇದಕ್ಕೆ ಬೆರೆಸದೆ ಪ್ರತ್ಯೇಕವಾಗಿಯೇ ಓದಬೇಕೆಂದೂ ಅವರಿಗೆ ತಿಳಿಸಿದೆ.